ಕೊಳ್ಳುವವನಿಗೆ ತಪಾಸಣೆ, ಮಾರುವವನಿಗೆ ವಿನಾಯಿತಿ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಹಳೆಯ ಶಾಲೆಗಳ, ಹಳೆಯ ಪಠ್ಯಪುಸ್ತಕಗಳ, ಅಗಲಿದ ಗೆಳೆಯರ ವಿಷಯ. ಈ ಸಲ ಅಮೆರಿಕದ ಬಂದೂಕಿನಂಗಡಿಗಳ ವಿಷಯ ಬರೆಯಲು ಹೊರಟಿದ್ದೇನೆ. “ಮೇಷ್ಟ್ರಿಗೆ ಈ ಉಸಾಬರಿ ಏಕೆ?” ಎಂದು ನಿಮ್ಮಲ್ಲಿ ಕೆಲವರು ನಗುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಉಸಾಬರಿಗೆ ಕಾರಣವಿದೆ. ನಾನು ಕಾಗುಣಿತ ತಿದ್ದಿದ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ನ್ಯೂಜೆರ್ಸಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಟೆಕ್ಸಾಸಿನಲ್ಲಿ ನೆಲೆಸಿದ್ದೀರಿ. ಅಲ್ಲಿಯ ಪೌರರಾಗಿದ್ದೀರಿ, ಮತ ಹಾಕುತ್ತೀರಿ. ನನ್ನ ಮೊಮ್ಮಗಳೂ ಅಲ್ಲಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಓದುತ್ತಿದ್ದಾಳೆ. ಒಮ್ಮೆ ದೂರವಾಣಿಯಲ್ಲಿ ಅವಳು, “ಅಜ್ಜಾ, ಇವತ್ತು ನಾವು ಲೈಟ್ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಸದ್ದು ಮಾಡದೆ ಕೂತಿದ್ದೆವು. ನಾನು ಕೆಮ್ಮಲೇ ಇಲ್ಲ” ಎಂದು ಹೆಮ್ಮೆಯಿಂದ ಹೇಳಿದಳು. ಬಂದೂಕುಧಾರಿ ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂಬುದರ ತಾಲೀಮು ಅದು. ಮಕ್ಕಳಿಗೆ ಗಟ್ಟಿಯಾಗಿ ಓದಿ ಎಂದು ಹೇಳಿಕೊಡುತ್ತಲೇ ಆಯುಷ್ಯ ಸವೆಸಿದ ನನಗೆ, ಕೆಮ್ಮದಿರುವುದನ್ನು ಕಲಿಸುವ ಶಾಲೆಯ ಮಾತು ಕೇಳಿ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ಆ ಬಳಿಕ ಅಲ್ಲಿಯ ಕಾನೂನುಗಳನ್ನು ನನಗೆ ತಿಳಿದ ಮಟ್ಟಿಗೆ ಓದತೊಡಗಿದೆ. ಓದಿದ್ದರಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಬಂದೂಕು ಇರಬೇಕೇ ಬೇಡವೇ ಎಂಬ ದೊಡ್ಡ ಜಗಳ ನನ್ನದಲ್ಲ. ನಾನು ಹೇಳಹೊರಟಿರುವುದು ಚಿಕ್ಕ ವಿಷಯ. ಚಿಕ್ಕದಾದುದರಿಂದಲೇ ಅದಕ್ಕೆ ಕ್ಷಮೆಯಿಲ್ಲ.

ಸಂಗತಿ ಇಷ್ಟು. ಅಮೆರಿಕದಲ್ಲಿ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಬಂದೂಕು ಕೊಳ್ಳಲು ಹೋದ ಗಿರಾಕಿಯ ಪೂರ್ವಾಪರವನ್ನು ಸರ್ಕಾರ ವಿಚಾರಿಸುತ್ತದೆ. ಆತ 4473 ಎಂಬ ಸಂಖ್ಯೆಯ ನಮೂನೆಯನ್ನು ತುಂಬಬೇಕು. ನೀನು ಘೋರ ಅಪರಾಧಕ್ಕೆ ಶಿಕ್ಷೆಗೊಳಗಾದವನೇ, ತಲೆಮರೆಸಿಕೊಂಡವನೇ, ಮಾದಕ ವಸ್ತುಗಳ ದಾಸನೇ, ಹೆಂಡತಿಯನ್ನು ಹೊಡೆದು ಶಿಕ್ಷೆ ಪಡೆದವನೇ ಎಂಬಂಥ ಪ್ರಶ್ನೆಗಳಿಗೆ ಸಹಿ ಹಾಕಿ ಉತ್ತರಿಸಬೇಕು. ಆಮೇಲೆ ಅಂಗಡಿಯವರು ಕೇಂದ್ರದ ತಪಾಸಣಾ ವ್ಯವಸ್ಥೆಯನ್ನು ಸಂಪರ್ಕಿಸಿ, “ಕೊಡಬಹುದು”, “ತಡೆಯಿರಿ”, “ಕೊಡಕೂಡದು” ಎಂಬ ಮೂರರಲ್ಲಿ ಒಂದು ಉತ್ತರ ಪಡೆಯಬೇಕು. ಒಳ್ಳೆಯದೇ. ಆದರೆ ಗಲ್ಲಾದ ಈಚೆ ನಿಂತವನಿಗೆ ಇಷ್ಟೆಲ್ಲ ವಿಚಾರಣೆಯಿರುವಾಗ, ಗಲ್ಲಾದ ಆಚೆ ನಿಂತು ಆ ನಮೂನೆಯನ್ನು ಕೈಗೆ ಕೊಡುವ, ಗುರುತಿನ ಚೀಟಿ ನೋಡುವ, ಬಂದೂಕನ್ನು ಕಪಾಟಿನಿಂದ ತೆಗೆದುಕೊಡುವ ನೌಕರನ ಪೂರ್ವಾಪರವನ್ನು ವಿಚಾರಿಸಲೇಬೇಕೆಂಬ ಕಟ್ಟಳೆ ಕೇಂದ್ರದ ಕಾನೂನಿನಲ್ಲಿ ಇಲ್ಲ. ಅಂಗಡಿಯ ಮಾಲೀಕನಿಗೆ ಉಂಟು. ವ್ಯವಹಾರದ ಆಡಳಿತವನ್ನು ನಡೆಸುವ ಅಧಿಕಾರವುಳ್ಳ “ಜವಾಬ್ದಾರ ವ್ಯಕ್ತಿ”ಗಳಿಗೂ ಉಂಟು. ಅವರು ಬೆರಳಚ್ಚು, ಭಾವಚಿತ್ರ ಎಲ್ಲವನ್ನೂ ಒಪ್ಪಿಸಬೇಕು. ಸಂಬಳಕ್ಕೆ ನಿಂತ ಮಾರಾಟದ ಹುಡುಗನಿಗೆ ಮಾತ್ರ ಇಲ್ಲ.

ನಮ್ಮ ಹಿರಿಯರು “ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು” ಎನ್ನುತ್ತಿದ್ದರು. ಇಲ್ಲಿ ಹೆಬ್ಬಾಗಿಲಿಗೆ ಕಾವಲಿಟ್ಟಿದ್ದಾರೆ. ದಿಡ್ಡಿ ಬಾಗಿಲನ್ನು ಸೂರೆಯಾದ ಮೇಲೂ ಹಾಕಿಲ್ಲ.

ಈ ಹೆಬ್ಬಾಗಿಲು ಕಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಗೆ ಬಳಕೆಯಾದ ರೈಫಲ್ ಅಂಚೆಯ ಮೂಲಕ ತರಿಸಿಕೊಂಡದ್ದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದರು. ಅದೇ ವರ್ಷ ಬಂದೂಕು ನಿಯಂತ್ರಣ ಕಾಯಿದೆ ಬಂತು. ಇಂಥಿಂಥವರು ಬಂದೂಕು ಹೊಂದಕೂಡದು ಎಂಬ ಪಟ್ಟಿಯೇನೋ ಆಯಿತು. ಆದರೆ ಗಿರಾಕಿ “ನಾನು ಅಂಥವನಲ್ಲ” ಎಂದು ಬರೆದುಕೊಟ್ಟರೆ ಅದನ್ನು ಪರೀಕ್ಷಿಸುವವರಿರಲಿಲ್ಲ. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡಿನ ದಾಳಿಯಾದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ತಲೆಗೆ ಗುಂಡು ತಗುಲಿ ಅವರು ಜೀವನಪರ್ಯಂತ ಅಂಗವಿಕಲರಾದರು. ಅವರೂ ಅವರ ಪತ್ನಿ ಸಾರಾ ಅವರೂ ವರ್ಷಗಟ್ಟಲೆ ಹೋರಾಡಿದ ಫಲವಾಗಿ 1993ರ ನವೆಂಬರ್ 30ರಂದು ಬ್ರೇಡಿ ಕಾಯಿದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಸರಿಯಾಗಿ 5 ವರ್ಷಗಳ ಬಳಿಕ, 1998ರ ನವೆಂಬರ್ 30ರಿಂದ, ಇಂದಿನ ಗಣಕೀಕೃತ ತಪಾಸಣೆ ಜಾರಿಗೆ ಬಂದಿತು. ಒಂದು ಬಾಗಿಲು ಹಾಕಲು 1968ರಿಂದ 1998ರವರೆಗೆ 30 ವರ್ಷ ಹಿಡಿಯಿತು!

ಇಷ್ಟು ಕಷ್ಟಪಟ್ಟು ಹಾಕಿದ ಬಾಗಿಲಿನ ಅಗುಳಿ ಯಾರ ಕೈಯಲ್ಲಿದೆ? ಅದೇ ಗುಮಾಸ್ತನ ಕೈಯಲ್ಲಿ. ಎದುರಿಗಿರುವವನ ಮುಖವೂ ಗುರುತಿನ ಚೀಟಿಯ ಚಿತ್ರವೂ ಒಂದೇ ಎಂದು ನಿರ್ಧರಿಸುವವನು ಆತ. ಬೇನಾಮಿ ಖರೀದಿಯನ್ನು, ಎಂದರೆ ತಾನು ಕೊಳ್ಳಲಾಗದವನು ಸ್ವಚ್ಛ ದಾಖಲೆಯ ಇನ್ನೊಬ್ಬನನ್ನು ಮುಂದೆ ನಿಲ್ಲಿಸಿ ಕೊಳ್ಳುವುದನ್ನು, ಕಂಡುಹಿಡಿಯಬೇಕಾದವನು ಆತ. ಮೂರು ಕೆಲಸದ ದಿನಗಳೊಳಗೆ ಕೇಂದ್ರದಿಂದ ಖಚಿತ ಉತ್ತರ ಬಾರದಿದ್ದರೆ ಬಂದೂಕನ್ನು ಕೊಡಲು ಕಾನೂನು ಸಾಮಾನ್ಯವಾಗಿ ಅಡ್ಡಬರುವುದಿಲ್ಲ. ಕೊಡಬೇಕೋ ಕಾಯಬೇಕೋ ಎಂಬುದು ಅಂಗಡಿಯ ವಿವೇಚನೆ. ಬಂದ ಸರಕನ್ನೂ ಹೋದ ಸರಕನ್ನೂ ಖಾತೆ ಪುಸ್ತಕದಲ್ಲಿ ಬರೆಯುವವನೂ ಅವನೇ. ಮಾರಾಟವಾದ ಬಂದೂಕುಗಳೆಲ್ಲದರ ಕೇಂದ್ರೀಯ ದಾಖಲೆಯನ್ನು ಇಟ್ಟುಕೊಳ್ಳಬಾರದೆಂದು 1986ರ ಕಾಯಿದೆಯೇ ಸರ್ಕಾರವನ್ನು ನಿರ್ಬಂಧಿಸಿದೆ. ಆದುದರಿಂದ ಕೊಲೆಯೊಂದು ನಡೆದು ಬಂದೂಕು ಸಿಕ್ಕಿದಾಗ, ಅದು ಯಾರ ಕೈಗೆ ಹೋಗಿತ್ತೆಂದು ತಿಳಿಯಲು ಪೊಲೀಸರು ತಯಾರಕನಿಂದ ಆರಂಭಿಸಿ ಕಟ್ಟಕಡೆಗೆ ಆ ಅಂಗಡಿಯ ಖಾತೆಯನ್ನೇ ಕೇಳಬೇಕು. ಆ ಖಾತೆಯಲ್ಲಿ ಒಂದು ಸಾಲು ಇಲ್ಲದಿದ್ದರೆ ದಾರ ಅಲ್ಲಿಗೇ ಕಡಿಯಿತು.

ಅಂದರೆ ಇಡೀ ತಪಾಸಣೆಯ ಭಾರ ತಪಾಸಣೆಗೊಳಗಾಗದ ಒಬ್ಬ ವ್ಯಕ್ತಿಯ ಹೆಗಲ ಮೇಲಿದೆ. ಇದನ್ನು ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಪರೀಕ್ಷೆ ಬರೆಯುವ ಹುಡುಗನ ಜೇಬನ್ನು ತಡವಿ ಒಳಗೆ ಬಿಟ್ಟು, ಪ್ರಶ್ನೆಪತ್ರಿಕೆಯ ಕಟ್ಟನ್ನು ಹೊತ್ತು ತರುವವನು ಯಾರೆಂದು ಕೇಳದೆ ಇದ್ದಂತೆ. ಪ್ರಶ್ನೆಪತ್ರಿಕೆ ಹೊರಬೀಳುವುದು ಹುಡುಗರ ಜೇಬಿನಿಂದಲ್ಲ ಎಂಬುದು ಈ ವೃತ್ತಿಯಲ್ಲಿ ಇದ್ದವರಿಗೆಲ್ಲ ಗೊತ್ತು.

“ಇದೆಲ್ಲ ಊಹೆ ಸಾರ್, ಅಂಗಡಿಯೊಳಗಿಂದ ಬಂದೂಕು ಹೊರಹೋಗುತ್ತದೆಂಬುದಕ್ಕೆ ಪುರಾವೆಯೇನು?” ಎಂದು ಕೇಳುವವರಿಗೆ ಉತ್ತರವಿದೆ. ಮದ್ಯ, ತಂಬಾಕು, ಬಂದೂಕು, ಸ್ಫೋಟಕ ಇವುಗಳನ್ನು ನೋಡಿಕೊಳ್ಳುವ ಅಲ್ಲಿಯ ಕೇಂದ್ರ ಇಲಾಖೆಗೆ ಎ.ಟಿ.ಎಫ್. ಎಂದು ಹೆಸರು. ಆ ಇಲಾಖೆಯೇ ಪ್ರಕಟಿಸಿದ ವರದಿಯಂತೆ, 2012ರಲ್ಲಿ ಪರವಾನಗಿ ಪಡೆದ ವ್ಯಾಪಾರಿಗಳಿಂದ ಕಳೆದುಹೋದ ಮತ್ತು ಕಳುವಾದ ಬಂದೂಕುಗಳು 16,667. ಇವುಗಳಲ್ಲಿ ಕಳುವಾದವು 5,752. ಉಳಿದ 10,915 “ಕಳೆದುಹೋದವು”. ಬಾಗಿಲು ಒಡೆದವರಿಲ್ಲ, ಪಿಸ್ತೂಲು ತೋರಿಸಿ ದೋಚಿದವರಿಲ್ಲ. ಲೆಕ್ಕಕ್ಕೆ ಮಾತ್ರ ಸಿಗುತ್ತಿಲ್ಲ. ಇವೆಲ್ಲವನ್ನೂ ನೌಕರರೇ ಲಪಟಾಯಿಸಿದರೆಂದು ನಾನು ಹೇಳುವುದಿಲ್ಲ. ಬರವಣಿಗೆಯ ತಪ್ಪುಗಳಿಂದ ಕಾಣೆಯಾದವು ಅದರಲ್ಲಿ ಬಹಳ ಇರಬಹುದು. ಆದರೆ ಒಂದು ವರ್ಷದಲ್ಲಿ 10,915 ಬಂದೂಕುಗಳು ಎಲ್ಲಿ ಹೋದವೆಂದು ಹೇಳಲಾಗದ ವ್ಯಾಪಾರದಲ್ಲಿ, ಉಗ್ರಾಣದ ಬೀಗದ ಕೈ ಹಿಡಿದವನ ಹಿನ್ನೆಲೆ ಕೇಳುವುದು ಅವಮಾನವೆನ್ನುವುದಾದರೆ, ಅಂಥ ಮಾನಕ್ಕೆ ಏನೆನ್ನಬೇಕು?

ಅದೇ ಇಲಾಖೆ 2000ನೆಯ ಇಸವಿಯಲ್ಲಿ ಎರಡು ವರದಿಗಳನ್ನು ಹೊರತಂದಿತು. 1996ರ ಜುಲೈಯಿಂದ 1998ರ ಡಿಸೆಂಬರ್‌ವರೆಗಿನ 1,530 ಕಳ್ಳಸಾಗಣೆ ಪ್ರಕರಣಗಳನ್ನು ಪರಿಶೀಲಿಸಿದ ವರದಿಯಲ್ಲಿ, ಪರವಾನಗಿದಾರ ವ್ಯಾಪಾರಿಗಳೇ ಶಾಮೀಲಾದ ಪ್ರಕರಣಗಳು ಶೇಕಡಾ 10ಕ್ಕೂ ಕಡಿಮೆ. ಆದರೆ ಅವುಗಳಲ್ಲಿ ಹೊರಬಿದ್ದ ಬಂದೂಕುಗಳು 40,000ಕ್ಕೂ ಹೆಚ್ಚು, ಒಟ್ಟು ಲೆಕ್ಕದ ಸುಮಾರು ಅರ್ಧ. ಇನ್ನೊಂದು ವರದಿಯಂತೆ, ಅಪರಾಧಗಳಲ್ಲಿ ಸಿಕ್ಕಿ ಮೂಲ ಪತ್ತೆಯಾದ ಬಂದೂಕುಗಳಲ್ಲಿ ಶೇಕಡಾ 57ರಷ್ಟು ಬಂದದ್ದು ಶೇಕಡಾ 1.2ರಷ್ಟು ವ್ಯಾಪಾರಿಗಳ ಅಂಗಡಿಗಳಿಂದ. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಬಹುಪಾಲು ವ್ಯಾಪಾರಿಗಳು ಪ್ರಾಮಾಣಿಕರು ಎಂಬುದು ಒಂದು ಓದು. ಅಂಗಡಿಯ ಒಳಬಾಗಿಲು ಒಂದು ತೆರೆದರೆ ಸಾಕು, ನೂರು ಕಳ್ಳರು ಹೊರಗಿನಿಂದ ಕನ್ನ ಕೊರೆದು ಸಾಗಿಸುವುದಕ್ಕಿಂತ ಹೆಚ್ಚು ಬಂದೂಕು ಹರಿದುಹೋಗುತ್ತದೆ ಎಂಬುದು ಮತ್ತೊಂದು ಓದು. “ಬೇಲಿಯೇ ಎದ್ದು ಹೊಲ ಮೇಯ್ದಂತೆ” ಎಂಬ ಗಾದೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

2002ರ ಅಕ್ಟೋಬರ್ ತಿಂಗಳು ನಿಮ್ಮಲ್ಲಿ ಆಗಲೇ ವಾಷಿಂಗ್ಟನ್ ಸುತ್ತಮುತ್ತ ಇದ್ದವರಿಗೆ ನೆನಪಿರಲೇಬೇಕು. ಪೆಟ್ರೋಲು ಹಾಕಿಸಲು ನಿಂತವರು, ಅಂಗಡಿಗೆ ಹೊರಟವರು, ಬಸ್ಸಿನ ಚಾಲಕ, ಹೀಗೆ ಮೂರು ವಾರಗಳಲ್ಲಿ 10 ಮಂದಿ ದೂರದಿಂದ ಹಾರಿಬಂದ ಗುಂಡಿಗೆ ಸತ್ತರು. 3 ಮಂದಿ ಗಾಯಗೊಂಡರು, ಅವರಲ್ಲೊಬ್ಬ ಶಾಲೆಯ ಬಾಗಿಲಲ್ಲಿ ಇಳಿದ 13 ವರ್ಷದ ಬಾಲಕ. ಕೊಲೆಗಾರರಿಬ್ಬರೂ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವಂತಿರಲಿಲ್ಲ. ಅವರ ರೈಫಲ್ ಬಂದದ್ದು ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ಪರವಾನಗಿದಾರ ಅಂಗಡಿಯಿಂದ. ಅಂಗಡಿಯಲ್ಲಿ ಅದರ ಮಾರಾಟದ ದಾಖಲೆ ಇರಲಿಲ್ಲ. ಅದು ಕಾಣೆಯಾಗಿದೆಯೆಂದು ವರದಿಯಾದದ್ದು ಪೊಲೀಸರ ಕೈಗೆ ಸಿಕ್ಕ ಮೇಲೆ. ಲೆಕ್ಕ ಹಾಕಿದಾಗ ಮೂರು ವರ್ಷಗಳಲ್ಲಿ 238 ಬಂದೂಕುಗಳು ಆ ಅಂಗಡಿಯಿಂದ ಲೆಕ್ಕವಿಲ್ಲದೆ ಹೋಗಿದ್ದವು. ತಾನೇ ಅದನ್ನು ಅಂಗಡಿಯಿಂದ ಎಗರಿಸಿದೆನೆಂದು ಕೊಲೆಗಾರರಲ್ಲಿ ಕಿರಿಯನಾದವನು ಹೇಳಿದ್ದಾನೆ. ಆದುದರಿಂದ ನೌಕರರು ಕದ್ದು ಮಾರಿದರೆಂದು ನಾನು ಆರೋಪಿಸುವುದಿಲ್ಲ. ನಾನು ತೋರಿಸಹೊರಟಿರುವುದು ಇಷ್ಟೇ: ಗಿರಾಕಿಯ ತಪಾಸಣೆ ಎಷ್ಟೇ ಬಿಗಿಯಾಗಿದ್ದರೂ, ಗಲ್ಲಾದ ಆಚೆಯ ಲೋಕ ಸಡಿಲವಾಗಿದ್ದರೆ ಆ ತಪಾಸಣೆ ಬರಿಯ ಶಾಸ್ತ್ರ. ಮಡಿದವರ ಕುಟುಂಬಗಳು ದಾವೆ ಹೂಡಿ 2004ರಲ್ಲಿ ಅಂಗಡಿ ಮತ್ತು ತಯಾರಕರಿಂದ ಸುಮಾರು 25 ಲಕ್ಷ ಡಾಲರುಗಳ ಪರಿಹಾರ ಪಡೆದವು. ಮರುವರ್ಷವೇ, 2005ರಲ್ಲಿ, ಬಂದೂಕು ಉದ್ಯಮವನ್ನು ಇಂಥ ದಾವೆಗಳಲ್ಲಿ ಬಹುಪಾಲಿನಿಂದ ರಕ್ಷಿಸುವ ಕಾಯಿದೆಯೊಂದನ್ನು ಅಲ್ಲಿಯ ಸಂಸತ್ತು ಅಂಗೀಕರಿಸಿತು. ಸತ್ತವರ ಮಕ್ಕಳಿಗಿಂತ ಮೊದಲು ರಕ್ಷಣೆ ಬೇಕಾದದ್ದು ವ್ಯಾಪಾರಕ್ಕೆಂದು ಅವರಿಗೆ ತೋರಿತು!

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಅದೇ 2002ರ ನವೆಂಬರ್ ತಿಂಗಳಲ್ಲಿ, ಎಂದರೆ ಆ ಕೊಲೆಗಾರರು ಸೆರೆಸಿಕ್ಕ ಮರುತಿಂಗಳೇ, ಅಲ್ಲಿಯ ಸಂಸತ್ತು ಸುರಕ್ಷಿತ ಸ್ಫೋಟಕಗಳ ಕಾಯಿದೆಯನ್ನು ಮಾಡಿತು. ಹಿಂದಿನ ವರ್ಷದ ಭಯೋತ್ಪಾದಕ ದಾಳಿಯ ಭೀತಿ ಅದರ ಹಿಂದಿತ್ತು. ಆ ಕಾಯಿದೆಯ ಪ್ರಕಾರ 2003ರ ಮೇ 24ರಿಂದ, ಸ್ಫೋಟಕಗಳ ಪರವಾನಗಿದಾರನ ಬಳಿ ಕೆಲಸ ಮಾಡುವ, ಸ್ಫೋಟಕ ಕೈಗೆ ಬರುವಂಥ ಪ್ರತಿಯೊಬ್ಬ ನೌಕರನ ಪೂರ್ವಾಪರವೂ ಪರಿಶೀಲನೆಯಾಗಬೇಕು. ಕಲ್ಲುಗಣಿಯಲ್ಲಿ ಮದ್ದು ತುಂಬುವ ಕೂಲಿಯವನೂ ಇದಕ್ಕೆ ಹೊರತಲ್ಲ. ತೇರ್ಗಡೆಯಾದವನಿಗೆ ಇಲಾಖೆ ಅನುಮತಿ ಪತ್ರ ಕಳುಹಿಸುತ್ತದೆ. ನಿರಾಕರಿಸಿದರೆ ಕಾರಣ ಹೇಳಿ, ಮೇಲ್ಮನವಿ ಸಲ್ಲಿಸುವ ದಾರಿಯನ್ನೂ ತಿಳಿಸುತ್ತದೆ. ಇದನ್ನು ನಡೆಸುತ್ತ ಬಂದಿರುವುದು ಯಾವ ಇಲಾಖೆ? ಬಂದೂಕಿನಂಗಡಿಗಳಿಗೆ ಪರವಾನಗಿ ಕೊಡುವ ಅದೇ ಎ.ಟಿ.ಎಫ್.

ಹಾಗಾದರೆ ಒಂದೇ ಇಲಾಖೆಯ ಒಂದು ಕೈಗೆ ಸಾಧ್ಯವಾದದ್ದು ಇನ್ನೊಂದು ಕೈಗೆ ಏಕೆ ಅಸಾಧ್ಯ? ಸಿಡಿಮದ್ದಿನ ಪೆಟ್ಟಿಗೆ ಎತ್ತುವವನನ್ನು ವಿಚಾರಿಸಿದರೆ ಸ್ವಾತಂತ್ರ್ಯ ಉಳಿಯುತ್ತದೆ, ಪಿಸ್ತೂಲಿನ ಪೆಟ್ಟಿಗೆ ಎತ್ತುವವನನ್ನು ವಿಚಾರಿಸಿದರೆ ಸ್ವಾತಂತ್ರ್ಯ ಸಾಯುತ್ತದೆ ಎಂಬುದು ಯಾವ ತರ್ಕಶಾಸ್ತ್ರ? ವಿಮೆಯುಳ್ಳ ಬ್ಯಾಂಕಿನಲ್ಲಿ ಹಣ ಎಣಿಸುವ ಕೆಲಸಕ್ಕೂ, ವಂಚನೆಯ ಅಪರಾಧಕ್ಕೆ ಶಿಕ್ಷೆಯಾದವರ ಮೇಲೆ ಕೇಂದ್ರದ ಕಾನೂನಿನ ನಿರ್ಬಂಧವುಂಟು. ನೋಟಿನ ಕಟ್ಟಿಗಿರುವ ಗೌರವ ಜೀವಕ್ಕಿಲ್ಲವೇ?

ಇಲ್ಲಿ ನನ್ನದೊಂದು ಸಣ್ಣ ಮಾತು. ನಾನು ಸರ್ಕಾರಿ ಶಾಲೆಗೆ ಉಪಾಧ್ಯಾಯನಾಗಿ ನೇಮಕಗೊಂಡಾಗ ನಡತೆಯ ಪ್ರಮಾಣಪತ್ರ ಒಪ್ಪಿಸಬೇಕಾಗಿತ್ತು. ಠಾಣೆಯಿಂದ ಪೇದೆಯೊಬ್ಬರು ನಮ್ಮ ಬೀದಿಗೆ ಬಂದು ನೆರೆಹೊರೆಯವರನ್ನು ವಿಚಾರಿಸಿ ಹೋದರು. ನಮ್ಮ ತಾಯಿ ಮಗ ಏನು ಮಾಡಿಬಿಟ್ಟನೋ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಅಷ್ಟೆಲ್ಲ ಆದ ಮೇಲೆ ಸರ್ಕಾರ ನನ್ನ ಕೈಗೆ ಕೊಟ್ಟದ್ದು ಒಂದು ಡಬ್ಬಿ ಸೀಮೆಸುಣ್ಣ ಮತ್ತು ಒಂದು ಹಾಜರಿ ಪುಸ್ತಕ. ಅದರಿಂದ ನನಗೆ ಅವಮಾನವಾಯಿತೆಂದು ಎಂದೂ ಅನ್ನಿಸಲಿಲ್ಲ. ಜನರು ತಮ್ಮ ಮಕ್ಕಳನ್ನು ನನ್ನ ಮುಂದೆ ಕೂರಿಸುವ ಮೊದಲು ನಾನು ಯಾರೆಂದು ಕೇಳಿದರು, ಅಷ್ಟೆ. ಕೇಳುವುದು ಅವರ ಹಕ್ಕು. ಹೇಳುವುದು ನನ್ನ ಧರ್ಮ.

ಇನ್ನು ಆಕ್ಷೇಪಣೆಗಳು. ಒಂದೊಂದಾಗಿ ನೋಡೋಣ.

ಮೊದಲನೆಯದು: “ಸಣ್ಣ ಅಂಗಡಿಗಳಿಗೆ ಇದು ಹೊರೆ.” ತಪಾಸಣೆಯ ವ್ಯವಸ್ಥೆ ಅವರ ಗಲ್ಲಾದ ಮೇಲೆಯೇ ಇದೆ. ದಿನಕ್ಕೆ ಹತ್ತು ಗಿರಾಕಿಗಳಿಗಾಗಿ ಅದನ್ನು ಬಳಸುವವರು, ಹೊಸ ನೌಕರ ಸೇರುವಾಗ ಇನ್ನೊಮ್ಮೆ ಬಳಸಿದರೆ ಅಂಗಡಿ ಮುಳುಗುವುದಿಲ್ಲ. ಹೊರೆಯ ಮಾತೆತ್ತುವವರು ಇನ್ನೊಂದನ್ನು ನೆನೆಯಲಿ: ಸರ್ಕಾರದ ಅಧಿಕಾರಿಗಳು ವಾರಂಟ್ ಇಲ್ಲದೆ ಅಂಗಡಿಯ ಸಾಮಾನ್ಯ ತನಿಖೆ ನಡೆಸುವುದು 12 ತಿಂಗಳಿಗೆ ಒಮ್ಮೆ ಮಾತ್ರವೆಂದು 1986ರ ಕಾಯಿದೆ ಮಿತಿ ಹಾಕಿದೆ. ವರ್ಷಕ್ಕೊಮ್ಮೆಯಾದರೂ ಸರಕನ್ನು ಎಣಿಸಿರೆಂದು ವ್ಯಾಪಾರಿಗಳನ್ನು ಕಡ್ಡಾಯಪಡಿಸದಂತೆಯೂ ಆಯವ್ಯಯದ ಕಾನೂನಿನಲ್ಲಿ ಷರತ್ತು ಸೇರಿಸಿದ್ದಾರೆ. ನಮ್ಮ ಬೀದಿಯ ಕಿರಾಣಿ ಅಂಗಡಿಯ ಶೆಟ್ಟರು ದೀಪಾವಳಿಗೆ ಮುನ್ನ ಬೆಲ್ಲದ ಅಚ್ಚನ್ನೂ ಎಣಿಸಿಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇಷ್ಟು ಮಿತಿಯಿರುವ ಕಡೆ, ಒಳಗಿರುವವರ ಪ್ರಾಮಾಣಿಕತೆಯ ಹೊರತು ಬೇರೆ ಆಧಾರವೇ ಇಲ್ಲ. ಆದುದರಿಂದಲೇ ಒಳಗಿರುವವರು ಯಾರೆಂದು ತಿಳಿದಿರಬೇಕು.

ಎರಡನೆಯದು: “ಎರಡನೆಯ ಸಂವಿಧಾನ ತಿದ್ದುಪಡಿ ಬಂದೂಕು ಹೊಂದುವ ಹಕ್ಕನ್ನು ಕೊಟ್ಟಿದೆ.” ಕೊಟ್ಟಿದೆ, ಸರಿ. 2008ರ ಹೆಲ್ಲರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ವ್ಯಕ್ತಿಯ ಹಕ್ಕೆಂದು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಆಯುಧಗಳ ವಾಣಿಜ್ಯ ಮಾರಾಟಕ್ಕೆ ಷರತ್ತು ಮತ್ತು ಅರ್ಹತೆಗಳನ್ನು ವಿಧಿಸುವ ಕಾನೂನುಗಳ ಮೇಲೆ ಆ ತೀರ್ಪು ಸಂಶಯದ ನೆರಳು ಬೀಳಿಸಬಾರದೆಂದು ನ್ಯಾಯಮೂರ್ತಿ ಸ್ಕಾಲಿಯಾ ಸ್ಪಷ್ಟಪಡಿಸಿದರು. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವ ಹಕ್ಕು ಬೇರೆ. ಊರಿಗೆಲ್ಲ ಬಂದೂಕು ಮಾರುವ ನೌಕರಿ ಬೇರೆ.

ಮೂರನೆಯ ಆಕ್ಷೇಪಣೆ ನನ್ನ ಮನಸ್ಸನ್ನು ನಿಜವಾಗಿ ತಟ್ಟುವಂಥದು: “ಒಮ್ಮೆ ತಪ್ಪು ಮಾಡಿ ಶಿಕ್ಷೆ ಅನುಭವಿಸಿ ಬಂದವನಿಗೆ ಕೆಲಸ ಬೇಡವೇ? ತಿದ್ದಿಕೊಳ್ಳಲು ಅವಕಾಶ ಕೊಡಬೇಕೆಂದು ನಮಗೆ ಕಲಿಸಿದವರೇ ನೀವಲ್ಲವೇ?” ಹೌದು, ಕಲಿಸಿದ್ದೇನೆ, ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಇಲ್ಲಿಯ ಕಾನೂನನ್ನು ಪೂರ್ತಿ ಓದಿ. ಬಂದೂಕು ಹೊಂದಲು ಅನರ್ಹನಾದವನು ಅಂಗಡಿಯ ಕೆಲಸಕ್ಕಾಗಿ ಅದನ್ನು ಕೈಯಲ್ಲಿ ಹಿಡಿದರೂ ಅದು ಅಪರಾಧವೇ. 2022ರಿಂದ ಆ ಅಪರಾಧಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಸೆರೆವಾಸ. ಮಾಲೀಕನನ್ನು ಶಿಕ್ಷಿಸಬೇಕಾದರೋ, ನೌಕರ ಅನರ್ಹನೆಂದು ಆತನಿಗೆ ತಿಳಿದಿತ್ತು ಅಥವಾ ಹಾಗೆ ನಂಬಲು ಸಕಾರಣವಿತ್ತು ಎಂದು ಸಾಧಿಸಬೇಕು. ಇದರ ಅರ್ಥವೇನು? ಕೇಳದ ಮಾಲೀಕ ಕ್ಷೇಮ. ಹೊಟ್ಟೆಪಾಡಿಗೆ ಸೇರಿದ ನೌಕರ ಜೈಲಿಗೆ. ಕೆಲಸಕ್ಕೆ ಸೇರುವ ಮೊದಲೇ ತಪಾಸಣೆ ನಡೆದರೆ ಆ ಬಡಪಾಯಿಗೆ “ತಮ್ಮಾ, ಈ ಕೆಲಸ ನಿನಗಲ್ಲ, ಬೇರೆ ನೋಡಿಕೋ” ಎಂಬ ಎಚ್ಚರಿಕೆಯಾದರೂ ಸಿಗುತ್ತದೆ. ಅಲ್ಲಿ ತಪಾಸಣೆಯಿರುವುದು ಕೇವಲ ಬಂದೂಕು ಹೊಂದಲು ಅನರ್ಹನೇ ಎಂಬುದಕ್ಕೆ. ಜೀವಮಾನದ ಚಾಡಿಯನ್ನೆಲ್ಲ ಕೆದಕುವುದಕ್ಕಲ್ಲ. ದಿನಸಿ ಅಂಗಡಿ, ಗ್ಯಾರೇಜು, ಹೋಟೆಲು, ಉಳಿದ ಸಾವಿರ ಬಾಗಿಲುಗಳು ಅವನಿಗೆ ತೆರೆದಿರಲಿ ಎಂದು ನಾನೂ ವಾದಿಸುತ್ತೇನೆ. ಕುಡಿತ ಬಿಟ್ಟವನಿಗೆ ಕೆಲಸ ಕೊಡಿಸಬೇಕು. ಆದರೆ ಹೆಂಡದಂಗಡಿಯಲ್ಲಿ ಕೊಡಿಸುವುದು ಉಪಕಾರವಲ್ಲ.

ನಾಲ್ಕನೆಯದು: “ಎಂದೂ ಸಿಕ್ಕಿಬೀಳದ ಕಳ್ಳನನ್ನು ತಪಾಸಣೆ ಹಿಡಿಯುವುದಿಲ್ಲ, ಶಾಲೆಗಳ ಹತ್ಯಾಕಾಂಡವನ್ನು ಇದು ತಡೆಯುವುದಿಲ್ಲ.” ನಿಜ, ಎಲ್ಲವನ್ನೂ ತಡೆಯುವುದಿಲ್ಲ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳನ್ನೂ 2 ಶಿಕ್ಷಕಿಯರನ್ನೂ ಕೊಂದವನು ಕಾನೂನುಬದ್ಧವಾಗಿಯೇ ಬಂದೂಕು ಕೊಂಡಿದ್ದ. ನಾನು ಹೇಳುವ ನಿಯಮ ಇದ್ದಿದ್ದರೂ ಆ ಮಕ್ಕಳು ಉಳಿಯುತ್ತಿರಲಿಲ್ಲ. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ಆದರೆ ಹತ್ತು ತೂತುಗಳ ಕೊಡದಲ್ಲಿ ಒಂದನ್ನು ಮುಚ್ಚಿದರೆ ನೀರು ಪೂರ್ತಿ ನಿಲ್ಲುವುದಿಲ್ಲವೆಂದು ಹತ್ತನ್ನೂ ಹಾಗೆಯೇ ಬಿಡುವವನನ್ನು ನಾವು ಜಾಣನೆನ್ನುತ್ತೇವೆಯೇ? ಬೀಗ ಒಡೆಯುವವರಿದ್ದಾರೆಂದು ಯಾರೂ ಬಾಗಿಲಿಗೆ ಬೀಗ ಹಾಕುವುದನ್ನು ಬಿಟ್ಟಿಲ್ಲ.

ಯುವಾಲ್ಡಿಯ ದುಃಖದಿಂದ ಒಂದು ಕಾನೂನು ಹುಟ್ಟಿತು. 2022ರ ಜೂನ್ 25ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ, ಎರಡೂ ಪಕ್ಷಗಳು ಕೂಡಿ ತಂದ ಆ ಕಾಯಿದೆಯಲ್ಲಿ ನನ್ನ ವಿಷಯವೂ ಬಂದಿದೆ. ನೌಕರನಿಗೆ ಲಿಖಿತವಾಗಿ ತಿಳಿಸಿ, ಲಿಖಿತ ಒಪ್ಪಿಗೆ ಪಡೆದು, ಅಂಗಡಿಯವರು ಬಯಸಿದರೆ ಆತನ ತಪಾಸಣೆಗೂ ಕೇಂದ್ರದ ವ್ಯವಸ್ಥೆಯನ್ನು ಬಳಸಬಹುದೆಂದು ಅದು ಹೇಳುತ್ತದೆ. “ಬಯಸಿದರೆ” ಎಂಬ ಪದವನ್ನು ಗಮನಿಸಿ. ವ್ಯಾಕರಣದಲ್ಲಿ ವಿಧ್ಯರ್ಥಕ್ಕೂ ಸಂಭಾವನಾರ್ಥಕ್ಕೂ ಇರುವ ಭೇದವನ್ನು ನಾನು ನಿಮಗೆ ಎಂಟನೆಯ ತರಗತಿಯಲ್ಲಿ ಹೇಳಿಕೊಟ್ಟಿದ್ದೆ. “ಮಾಡಬೇಕು” ಬೇರೆ, “ಮಾಡಬಹುದು” ಬೇರೆ. ಪ್ರಾಮಾಣಿಕ ವ್ಯಾಪಾರಿ ಈ ಅವಕಾಶವನ್ನು ಬಳಸುತ್ತಾನೆ. ಆತನ ಅಂಗಡಿಯಲ್ಲಿ ತೊಂದರೆ ಮೊದಲೇ ಕಡಿಮೆ. ಯಾರ ಅಂಗಡಿಯನ್ನು ವಿಚಾರಿಸಬೇಕೋ ಆತನೇ ಬಯಸುವುದಿಲ್ಲ. ಶೇಕಡಾ 1.2ರ ರೋಗಕ್ಕೆ ಶೇಕಡಾ 98.8ರವರು ಸ್ವಇಚ್ಛೆಯಿಂದ ಔಷಧ ಕುಡಿದರೆ ಗುಣವಾಗುವುದುಂಟೇ? ಆದರೂ ಆ ಕಾಯಿದೆ ಒಂದು ಉಪಕಾರ ಮಾಡಿದೆ: ನೌಕರರ ತಪಾಸಣೆ ಕಾರ್ಯಸಾಧ್ಯವಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದೆ. ಇನ್ನುಳಿದಿರುವುದು “ಬಹುದು” ಅಳಿಸಿ “ಬೇಕು” ಬರೆಯುವುದು. ಕೆಂಪು ಶಾಯಿಯಲ್ಲಿ ಒಂದು ತಿದ್ದುಪಡಿ.

ಕೆಲವು ರಾಜ್ಯಗಳು ಅದನ್ನು ಮಾಡಿ ತೋರಿಸಿವೆ. ನ್ಯೂಜೆರ್ಸಿಯಲ್ಲಿ ಬಂದೂಕು ಮಾರುವ ಅಂಗಡಿಯ ನೌಕರನಿಗೂ ಪರವಾನಗಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಮತದಾರರೇ ಒಪ್ಪಿದ 63ನೆಯ ಪ್ರಸ್ತಾವದಂತೆ, 2018ರಿಂದ ಬಂದೂಕು ಮುಟ್ಟುವ, ಮಾರುವ ನೌಕರರೆಲ್ಲರೂ ರಾಜ್ಯದಿಂದ ಅರ್ಹತಾ ಪತ್ರ ಪಡೆದಿರಬೇಕು. ಅಲ್ಲಿಯ ಅಂಗಡಿಗಳೇನೂ ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಆದರೆ ಬಂದೂಕಿಗೆ ರಾಜ್ಯದ ಗಡಿ ತಿಳಿಯದು. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟರೆ ಒಂದು ರಾಜ್ಯದ ಸಡಿಲು ಇನ್ನೊಂದು ರಾಜ್ಯದ ಸಾವಾಗುತ್ತದೆ. ಹೀಗಾಗಿ ಇದು ಕೇಂದ್ರದ ಸಂಸತ್ತೇ ಮಾಡಬೇಕಾದ ಕೆಲಸ.

ನನ್ನ ಬೇಡಿಕೆ ನಾಲ್ಕೇ ಸಾಲು. ಪರವಾನಗಿ ಪಡೆದ ಅಂಗಡಿಯಲ್ಲಿ ಬಂದೂಕು ಕೈಗೆ ಬರುವ, ದಾಖಲೆ ಬರೆಯುವ ಪ್ರತಿಯೊಬ್ಬ ನೌಕರನ ಪೂರ್ವಾಪರವೂ ಕೆಲಸಕ್ಕೆ ಸೇರುವ ಮುನ್ನ ಕಡ್ಡಾಯವಾಗಿ ಪರಿಶೀಲನೆಯಾಗಲಿ. ನಿಯತವಾದ ಅವಧಿಗೊಮ್ಮೆ ಅದು ಪುನಃ ನಡೆಯಲಿ. ಏಕೆಂದರೆ ಐದು ವರ್ಷದ ಹಿಂದಿನ ಶುದ್ಧಹಸ್ತ ಇಂದೂ ಶುದ್ಧವೆಂಬ ನಿಯಮವಿಲ್ಲ. ಅದರ ಖರ್ಚು ನೌಕರನ ಸಂಬಳದಿಂದ ಮುರಿಯದಿರಲಿ. ನಿರಾಕರಿಸಿದಾಗ ಕಾರಣವೂ ಮೇಲ್ಮನವಿಯ ಹಕ್ಕೂ ಸ್ಫೋಟಕಗಳ ಕಾಯಿದೆಯಲ್ಲಿರುವಂತೆಯೇ ಇರಲಿ. ಬಂದೂಕು ಪ್ರಿಯರೂ ಬಂದೂಕು ವಿರೋಧಿಗಳೂ ಕೈಕುಲುಕಿ ಒಪ್ಪಬಹುದಾದ ಸಂಗತಿ ಇದಲ್ಲದಿದ್ದರೆ ಇನ್ನಾವುದಿದೆ? ಕಾನೂನಿಗೆ ತಲೆಬಾಗುವ ಗಿರಾಕಿ ತನ್ನ ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಬರೆದುಕೊಡುವುದು ಆ ಗುಮಾಸ್ತನ ಕೈಗೆ. ಅವನ ಮನೆಯಲ್ಲಿ ಬಂದೂಕಿದೆಯೆಂಬುದೂ ಆ ಗುಮಾಸ್ತನಿಗೆ ಗೊತ್ತು. ಹಾಗಿರುವಾಗ ಈ ನಿಯಮವನ್ನು ಮೊದಲು ಕೇಳಬೇಕಾದವನು ಬಂದೂಕು ಕೊಳ್ಳುವವನೇ.

ಅಮೆರಿಕದಲ್ಲಿರುವ ನನ್ನ ಹುಡುಗರೇ, ಹುಡುಗಿಯರೇ, ನಿಮ್ಮಲ್ಲಿ ಕೆಲವರು ಆತ್ಮರಕ್ಷಣೆಗೆಂದು ಬಂದೂಕು ಇಟ್ಟುಕೊಂಡಿರುವಿರೆಂದೂ ಕೇಳಿದ್ದೇನೆ. ಅದು ನಿಮ್ಮ ವಿವೇಚನೆ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಅಷ್ಟೇ ನನ್ನ ಮಾತು. ಮುಂದಿನ ಸಲ ಅಂಥ ಅಂಗಡಿಯ ಮೆಟ್ಟಿಲು ಹತ್ತಿದಾಗ, ನಿಮ್ಮ ನಮೂನೆಗೆ ಸಹಿ ಹಾಕುವ ಮೊದಲು ಮಾಲೀಕನನ್ನು ವಿನಯದಿಂದ ಒಂದು ಪ್ರಶ್ನೆ ಕೇಳಿ: “ನಿಮ್ಮ ನೌಕರರ ತಪಾಸಣೆ ಆಗಿದೆಯೇ?” ಆಗಿಲ್ಲವೆಂದರೆ ಬೇರೆ ಅಂಗಡಿಗೆ ಹೋಗಿ. ನಿಮ್ಮ ಕ್ಷೇತ್ರದ ಸಂಸದರಿಗೂ ಸೆನೆಟರುಗಳಿಗೂ ಒಂದು ಪತ್ರ ಬರೆಯಿರಿ. ಪತ್ರಲೇಖನವನ್ನು ನಾನು ನಿಮಗೆ ಕಲಿಸಿದ್ದೇನೆ: ವಿಷಯ ಒಂದೇ ಇರಲಿ, ಕೇಳುವುದನ್ನು ಮೊದಲ ಪ್ಯಾರಾದಲ್ಲೇ ಕೇಳಿ, ಸಹಿ ಮರೆಯಬೇಡಿ. ಬರೆದವರು ನನಗೂ ಒಂದು ಪ್ರತಿ ಕಳುಹಿಸಿ. ಅಕ್ಷರದೋಷವಿದ್ದರೆ ಇಂದಿಗೂ ತಿದ್ದಿಕೊಡುತ್ತೇನೆ.